ಉತ್ತರಪತ್ರಿಕೆಯ ಎರಡನೆಯ ಓದು

2025ನೆಯ ಇಸವಿಯ ಮೇ ತಿಂಗಳ 2ನೆಯ ತಾರೀಖಿನಂದು ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯ ಫಲಿತಾಂಶವು ಹೊರಬಿದ್ದಾಗ ನಮ್ಮ ಕಲಬುರಗಿ ಜಿಲ್ಲೆಯ ಹೆಸರು ಪಟ್ಟಿಯ ಕಟ್ಟಕಡೆಯಲ್ಲಿದ್ದಿತು. ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಂದಿ ತೇರ್ಗಡೆ ಹೊಂದಿದ್ದರೆ ನಮ್ಮಲ್ಲಿ 42 ಮಂದಿ ಮಾತ್ರ. ಮರುದಿನ ಸಂಜೆ ವಾಡಿಯ ಕಡೆಯ ಕಲ್ಲುಗಣಿಯಲ್ಲಿ ದುಡಿಯುವ ಒಬ್ಬ ಗೃಹಸ್ಥನು ತನ್ನ ಮಗಳನ್ನು ಕರೆದುಕೊಂಡು ಈ ಲೇಖಕನ ಮನೆಗೆ ಬಂದನು. ಹುಡುಗಿಯು ಉಳಿದೆಲ್ಲ ವಿಷಯಗಳಲ್ಲಿ ದಾಟಿ ಗಣಿತದಲ್ಲಿ ಎರಡು ಅಂಕಗಳಿಂದ ನಿಂತುಹೋಗಿದ್ದಳು. “ಏನ್ ಮಾಡ್ಬೇಕ್ರಿ ಸರ? ಮತ್ತೊಮ್ಮೆ ನೋಡ್ರಿ ಅಂತ ಅರ್ಜಿ ಹಾಕಿದ್ರ ಪೇಪರ್ ನೋಡಿದ ಮಾಸ್ತರ ಮಂದಿ ಸಿಟ್ಟಾಗಂಗಿಲ್ಲೇನ್ರಿ?” ಎಂಬುದು ಆತನ ಮೊದಲನೆಯ ಪ್ರಶ್ನೆ. ರೊಕ್ಕದ ಪ್ರಶ್ನೆಯು ಎರಡನೆಯದಾಗಿ ಬಂದಿತು. ಹುಡುಗಿಯು ಮಾತನಾಡಲಿಲ್ಲ.

ಆತನ ಮೊದಲನೆಯ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ತಾನು ಬರೆದ ಉತ್ತರವನ್ನು ಇನ್ನೊಮ್ಮೆ ಓದಿರೆಂದು ಕೇಳುವುದು ಉದ್ಧಟತನವೆಂಬ ಭಾವನೆಯು ನಮ್ಮ ಸೀಮೆಯ ಜನರಲ್ಲಿ ಎಲ್ಲಿಂದ ಬಂದಿತು? ಕೇಳುವ ಹಕ್ಕು ಎಂದಿನಿಂದ ಉಂಟಾಯಿತು? ಇವೆರಡಕ್ಕೂ ಉತ್ತರವು ಚರಿತ್ರೆಯಲ್ಲಿಯೇ ಇರುವುದರಿಂದ ವಾಚಕರನ್ನು ಸ್ವಲ್ಪ ದೂರ ಕರೆದೊಯ್ಯಬೇಕಾಗಿದೆ.

ಹಿಂದಣ ಕೂಲಿಮಠಗಳಲ್ಲಿ ಅಯ್ಯನವರ ಪರೀಕ್ಷೆಯೆಂದರೆ ಎದುರಾ ಎದುರಿನ ಪರೀಕ್ಷೆ. ಮಗ್ಗಿ ತಪ್ಪಿದರೆ ತಪ್ಪಿದ ಕ್ಷಣದಲ್ಲಿಯೇ ಹುಡುಗನಿಗೂ ಗೊತ್ತು, ಪಕ್ಕದಲ್ಲಿ ಕುಳಿತವನಿಗೂ ಗೊತ್ತು. ಶಿಕ್ಷೆಯು ಕಠಿನವಾಗಿದ್ದಿರಬಹುದು, ಆದರೆ ಯಾವ ತಪ್ಪಿಗೆ ಶಿಕ್ಷೆಯೆಂಬುದು ಗುಪ್ತವಾಗಿರುತ್ತಿರಲಿಲ್ಲ. ಬರೆದ ಕಾಗದವು ಬರೆದವನ ಕೈಯಿಂದ ಹೊರಟು, ಆತನು ಕಾಣದ ಊರಿನಲ್ಲಿ, ಆತನನ್ನು ಕಾಣದ ಪರೀಕ್ಷಕನ ಮುಂದೆ ಬಿದ್ದು, ಒಂದು ಸಂಖ್ಯೆಯಾಗಿ ಮಾತ್ರ ಹಿಂದಿರುಗುವ ಪದ್ಧತಿಯು ನಮ್ಮ ದೇಶದಲ್ಲಿ ನೆಲೆಗೊಂಡದ್ದು 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದ ತರುವಾಯ. ಈ ಮೂರೂ ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಪಾಠ ಹೇಳುವುದಕ್ಕಿಂತ ಪರೀಕ್ಷೆ ನಡೆಸುವುದೇ ಅವುಗಳ ಆರಂಭದ ಕೆಲಸವಾಗಿದ್ದಿತು.

ಆ ಹೊಸ ಯಂತ್ರವು ಮೊದಲು ತಿರುಗಿದಾಗಲೇ ಒಂದು ಸ್ವಾರಸ್ಯವು ನಡೆಯಿತು. ಕಲಕತ್ತೆಯ ಮೊಟ್ಟಮೊದಲಿನ ಬಿ.ಎ. ಪರೀಕ್ಷೆಯು 1858ರಲ್ಲಿ ನಡೆದಾಗ ಹದಿಮೂರು ಮಂದಿ ಹೆಸರು ಕೊಟ್ಟಿದ್ದರು. ಯಾರೊಬ್ಬರೂ ಎಲ್ಲ ವಿಷಯಗಳಲ್ಲಿ ದಾಟಲಿಲ್ಲ. ಇಬ್ಬರು ಮಾತ್ರ ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿ ಬರೆದು ಆರನೆಯದರಲ್ಲಿ ಏಳು ಅಂಕಗಳನ್ನು ಮೀರದಷ್ಟು ಕೊರತೆಯಿಂದ ನಿಂತಿದ್ದರು. ವಿಶ್ವವಿದ್ಯಾಲಯದವರು ವಿಶೇಷ ಕೃಪೆಯೆಂದು ಅವರಿಗೆ ಪದವಿಯನ್ನು ದಯಪಾಲಿಸಿದರು. ಒಬ್ಬರು ಜದುನಾಥ ಬೋಸರು. ಇನ್ನೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಆನಂದಮಠವನ್ನು ಬರೆದ ಮಹನೀಯರು ಕೃಪಾಂಕದ ಪದವೀಧರರೆಂಬುದನ್ನು ಹೇಳಿ ನಗುವುದು ಸುಲಭ. ಇಲ್ಲಿ ಗಮನಿಸಬೇಕಾದುದು ಬೇರೆ. ಕೊರತೆಯನ್ನು ತುಂಬಿಕೊಟ್ಟದ್ದು ಕೃಪೆ. ಅವರ ಉತ್ತರಗಳನ್ನು ಮತ್ತೊಮ್ಮೆ ಓದಿ ಅಂಕವು ನ್ಯಾಯವೋ ಅಲ್ಲವೋ ಎಂದು ನಿರ್ಣಯಿಸಿದ್ದಲ್ಲ. ಮೇಲಿನವರು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಕೇಳುವ ಬಾಗಿಲು ಅಂದು ಇರಲಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಮುಂಬಯಿಯಿಂದ ರಾಯಚೂರಿಗೆ ಹೋಗುವ ರೈಲುದಾರಿಯು ಶಹಾಬಾದ, ವಾಡಿಗಳನ್ನು ಹಾದು 1871ರಲ್ಲಿ ಪೂರ್ಣವಾಯಿತು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹೈದರಾಬಾದಿಗೆ ಹೋಗುವ ನಿಜಾಮರ ದಾರಿಯು 1874ರಲ್ಲಿ ತೆರೆಯಿತು. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಕಚೇರಿಯ ಹುಕುಮು, ನೌಕರಿ, ಪರೀಕ್ಷೆ, ಇವೆಲ್ಲವುಗಳ ಮುಖವು ಹೈದರಾಬಾದಿನ ಕಡೆಗೆ ತಿರುಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸಂಸ್ಥಾನದ ರಾಜ್ಯಭಾಷೆಯ ಸ್ಥಾನವನ್ನು ಪಾರಸಿಯಿಂದ ಉರ್ದುವು ಪಡೆದುಕೊಂಡಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ಅದರ ಹೆಮ್ಮೆಯೆಂದರೆ, ಇಂಗ್ಲಿಷನ್ನು ಬಿಟ್ಟು ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಡುವುದು. ಆ ಹೆಮ್ಮೆಯು ಸಕಾರಣವಾದುದೇ. ವಿಜ್ಞಾನ, ವೈದ್ಯ, ಕಾನೂನುಗಳ ಗ್ರಂಥಗಳನ್ನು ಉರ್ದುವಿಗೆ ತಂದ ಅದರ ಭಾಷಾಂತರ ವಿಭಾಗದ ದುಡಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಸಂಸ್ಥಾನದಲ್ಲಿ ಉರ್ದುವು ಮನೆಮಾತಾಗಿದ್ದವರು ಹತ್ತರಲ್ಲಿ ಒಬ್ಬರಷ್ಟು; ಉಳಿದವರು ತೆಲುಗು, ಮರಾಠಿ, ಕನ್ನಡದವರು. ಇಂಗ್ಲಿಷಿನಿಂದ ಬಿಡುಗಡೆಯೆಂಬ ವಾದವು ಸೇಡಮಿನ ಕನ್ನಡದ ಹುಡುಗನ ಪಾಲಿಗೆ ಒಂದು ಪರಭಾಷೆಯಿಂದ ಇನ್ನೊಂದು ಪರಭಾಷೆಗೆ ವರ್ಗಾವಣೆಯಾಗಿ ಪರಿಣಮಿಸಿತು. ಕಲಬುರಗಿಯಲ್ಲಿ 1907ರಲ್ಲಿಯೇ ನೂತನ ವಿದ್ಯಾಲಯದಂತಹ ಖಾಸಗಿ ಸಂಸ್ಥೆಯು ತಲೆಯೆತ್ತಿದ್ದುದು ನಮ್ಮವರ ಹಂಬಲಕ್ಕೆ ಸಾಕ್ಷಿ. ಆದರೂ ಮೆಟ್ರಿಕಿನ ಮೆಟ್ಟಲನ್ನು ಏರಬೇಕಾದವನು ಸರಕಾರವು ಒಪ್ಪುವ ಭಾಷೆಯಲ್ಲಿಯೇ ಬರೆಯಬೇಕಾಗಿದ್ದಿತು.

ಅಂತಹ ಹುಡುಗನ ಉತ್ತರಪತ್ರಿಕೆಯನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಲಿ. ಕಾಗಿಣಾ ನದಿಯ ದಡದಲ್ಲಿ ಹುಟ್ಟಿದವನು ಭೂಗೋಳದ ಪ್ರಶ್ನೆಗೆ ಕನ್ನಡದಲ್ಲಿ ಯೋಚಿಸಿ, ಉರ್ದುವಿನಲ್ಲಿ ಮಾತು ಹುಡುಕಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಪರೀಕ್ಷಕನು ತಪ್ಪೆಂದು ಗೆರೆಯೆಳೆದದ್ದು ಭೂಗೋಳಕ್ಕೋ, ಭಾಷೆಗೋ? ಹುಡುಗನಿಗೆ ಅದು ಗೊತ್ತಾಗುವ ಉಪಾಯವಿರಲಿಲ್ಲ. ನಮ್ಮ ಮನೆಯ ಹಿರಿಯರೊಬ್ಬರು ಹೀಗೆ ನಪಾಸಾದವರು. ತಮ್ಮ ಕೊನೆಗಾಲದವರೆಗೂ “ನಸೀಬದಾಗ ಇದ್ದಿದ್ದಿಲ್ಲ” ಎನ್ನುತ್ತಿದ್ದರು. ಯಾವ ವಿಷಯದಲ್ಲಿ ಎಷ್ಟು ಅಂಕ ಕಡಮೆಯಾಯಿತೆಂಬುದು ಅವರಿಗೆ ನೆನಪಿರಲಿಲ್ಲವೋ, ತಿಳಿದೇ ಇರಲಿಲ್ಲವೋ, ನಾವು ಕೇಳಲಿಲ್ಲ. ಪರೀಕ್ಷಕನ ಬರಹವನ್ನು ಹಣೆಯ ಬರಹದೊಡನೆ ಒಂದುಗೂಡಿಸುವ ಈ ಅಭ್ಯಾಸವು ಆ ಕಾಲದ ಉಳಿಕೆಯೆಂದು ನನ್ನ ಅಭಿಪ್ರಾಯ. 1948ರ ಸೆಪ್ಟೆಂಬರದಲ್ಲಿ ನಿಜಾಮರ ಆಳಿಕೆಯು ಮುಗಿಯಿತು. 1956ರ ನವೆಂಬರ 1ರಂದು ನಾವು ಮೈಸೂರು ರಾಜ್ಯದಲ್ಲಿ ಸೇರಿದೆವು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ಏರ್ಪಟ್ಟಿತು. ಬರೆಯುವ ಭಾಷೆಯು ಕನ್ನಡವಾಯಿತು. ಬರೆದ ಕಾಗದವು ಕಣ್ಮರೆಯಾಗುವ ರೀತಿಯು ಮಾತ್ರ ಬಹುಕಾಲ ಬದಲಾಗಲಿಲ್ಲ.

ಹಾಗಾದರೆ ಪರೀಕ್ಷಕನ ತಕ್ಕಡಿಯು ಎಷ್ಟು ನಿಷ್ಕೃಷ್ಟವಾದುದು? ಇದನ್ನು ಮೊದಲು ತೂಗಿ ನೋಡಿದವರಲ್ಲಿ ಎಡ್ಜ್‌ವರ್ತ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು ಮುಖ್ಯನು. 1888ರಲ್ಲಿ ಆತನು ಪ್ರಕಟಿಸಿದ ಲೇಖನದಲ್ಲಿ ಲ್ಯಾಟಿನ್ ಗದ್ಯದ ಒಂದೇ ಉತ್ತರವನ್ನು 28 ಮಂದಿ ಸಮರ್ಥ ಪರೀಕ್ಷಕರು ಓದಿದಾಗ ಕೊಟ್ಟ ಅಂಕಗಳಿವೆ: ಅತಿ ಕಡಮೆ 45, ಅತಿ ಹೆಚ್ಚು 100. ಭಾಷೆಯ ವಿಷಯದಲ್ಲಿ ರುಚಿಭೇದ ಸಹಜವೆಂದು ಸಮಾಧಾನ ಹೇಳಿಕೊಳ್ಳುವವರಿಗೆ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು 1913ರಲ್ಲಿ ಉತ್ತರ ಕೊಟ್ಟರು. ರೇಖಾಗಣಿತದ ಒಂದೇ ಉತ್ತರಪತ್ರಿಕೆಯನ್ನು ಅವರು ನೂರಕ್ಕೂ ಮಿಕ್ಕ ಶಿಕ್ಷಕರಿಗೆ ಕಳುಹಿಸಲಾಗಿ, ಒಬ್ಬರು 28 ಕೊಟ್ಟರೆ ಇನ್ನೊಬ್ಬರು 90ಕ್ಕೂ ಮೇಲೆ ಕೊಟ್ಟರು! ಕೆಲವರು ಕೊನೆಯ ಉತ್ತರವನ್ನು ಮಾತ್ರ ನೋಡಿದರು, ಕೆಲವರು ನಡುವಣ ಹಂತಗಳಿಗೆ ಅಂಕವಿತ್ತರು, ಕೆಲವರು ಅಕ್ಷರವು ಕೊಳಕೆಂದು ಕಡಿದರು.

ಇವೆಲ್ಲಕ್ಕಿಂತಲೂ ಮನಸ್ಸಿಗೆ ನಾಟುವುದು ಹಾರ್ಟಾಗ್ ಸಾಹೇಬರು ಮತ್ತು ರೋಡ್ಸ್ ಎಂಬವರ 1935ರ ಪರಿಶೋಧನೆ. ಈ ಹಾರ್ಟಾಗರು ನಮಗೆ ಅಪರಿಚಿತರಲ್ಲ. ಢಾಕಾ ವಿಶ್ವವಿದ್ಯಾಲಯದ ಮೊದಲನೆಯ ಉಪಕುಲಪತಿಗಳು. 1929ರಲ್ಲಿ ಭಾರತದ ಶಿಕ್ಷಣವನ್ನು ಕುರಿತು ವರದಿ ಮಾಡಿದ ಸಮಿತಿಯ ಅಧ್ಯಕ್ಷರು. ಅವರು ಇಂಗ್ಲೆಂಡಿನ ಶಾಲಾ ಪರೀಕ್ಷೆಯಲ್ಲಿ ಒಂದೇ ಅಂಕವನ್ನು ಪಡೆದಿದ್ದ 15 ಇತಿಹಾಸದ ಉತ್ತರಪತ್ರಿಕೆಗಳನ್ನು ಆಯ್ದು ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷಕ್ಕೂ ಮಿಕ್ಕ ಕಾಲ ಕಳೆದ ಮೇಲೆ ಅವೇ ಪತ್ರಿಕೆಗಳನ್ನು, ಅವರಲ್ಲಿ 14 ಮಂದಿಗೆ ಎರಡನೆಯ ಸಲ ಕೊಟ್ಟರು. ಒಟ್ಟು 210 ತೀರ್ಪುಗಳಲ್ಲಿ 92ರಲ್ಲಿ ಅದೇ ಮನುಷ್ಯನು ತನ್ನ ಮೊದಲಿನ ತೀರ್ಪನ್ನು ಬದಲಾಯಿಸಿದ್ದನು; ದಾಟಿಸಿದವನನ್ನು ಬೀಳಿಸಿದ್ದನು, ಬಿದ್ದವನನ್ನು ಎತ್ತಿದ್ದನು. ಬೇರೊಬ್ಬನ ಸಂಗಡ ಭಿನ್ನಾಭಿಪ್ರಾಯವಿರಲಿ, ತನ್ನ ಸಂಗಡವೇ ತಾನು ಒಪ್ಪಲಿಲ್ಲ.

ಈ ಲೇಖಕನೂ ಶಿಕ್ಷಕವೃತ್ತಿಯಲ್ಲಿದ್ದಾಗ ಹಲವು ಬೇಸಗೆಗಳನ್ನು ಮೌಲ್ಯಮಾಪನ ಕೇಂದ್ರಗಳಲ್ಲಿ ಕಳೆದವನೇ. ಕಲಬುರಗಿಯ ಏಪ್ರಿಲ್ ತಿಂಗಳ ಬಿಸಿಲನ್ನು ಬಣ್ಣಿಸಬೇಕಾದುದಿಲ್ಲ. ಒಂದು ಮಧ್ಯಾಹ್ನ ನಾನು ಓದಿ ಮುಗಿಸಿದ ಕಟ್ಟಿನಲ್ಲಿ ಒಬ್ಬ ವಿದ್ಯಾರ್ಥಿಯು ಒಂದು ಉತ್ತರವನ್ನು ಅರ್ಧಕ್ಕೆ ಬಿಟ್ಟು, ಎರಡು ಹಾಳೆಗಳನ್ನು ಖಾಲಿ ಬಿಟ್ಟು, ಕಡೆಯ ಪುಟದಲ್ಲಿ ಮುಂದುವರಿಸಿದ್ದನು. ನಾನು ಖಾಲಿ ಹಾಳೆಯನ್ನು ಕಂಡು ಮುಗಿಯಿತೆಂದು ಮಡಚಿದ್ದೆನು. ಮೇಲಿನ ಪರೀಕ್ಷಕರು ಮಾದರಿಗೆಂದು ತೆಗೆದ ಪತ್ರಿಕೆಗಳಲ್ಲಿ ಅದೃಷ್ಟವಶಾತ್ ಅದೂ ಒಂದಾಗಿದ್ದುದರಿಂದ ನಾಲ್ಕು ಅಂಕಗಳು ಹುಡುಗನಿಗೆ ಸಂದವು. ತೆಗೆಯದೆ ಬಿಟ್ಟ ಪತ್ರಿಕೆಗಳಲ್ಲಿ ನಾನು ಮಡಚಿದ ಕಡೆಯ ಪುಟಗಳೆಷ್ಟೋ! ಆದುದರಿಂದ ಅರ್ಜಿ ಹಾಕಿದರೆ ಮಾಸ್ತರರಿಗೆ ಸಿಟ್ಟು ಬರುವುದೇ ಎಂದು ಆ ಗೃಹಸ್ಥನು ಕೇಳಿದಾಗ ನನಗೆ ನಾಚಿಕೆಯಾಯಿತು. ಪತ್ರಿಕೆಯ ಮೇಲೆ ಹುಡುಗಿಯ ಹೆಸರಿರುವುದಿಲ್ಲವೆಂದೂ, ಎರಡನೆಯ ಸಲ ಓದುವವರು ಬೇರೆಯವರೆಂದೂ ತಿಳಿಸಿ ಹೇಳಿದೆನು.

ಕೇಳುವ ಹಕ್ಕಿನ ಇತಿಹಾಸವು ಇದಕ್ಕಿಂತ ಈಚಿನದು. ಅದು ನ್ಯಾಯಾಲಯಗಳಲ್ಲಿ ನಡೆದುದು. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ನಿಯಮವು, ಅಂಕಗಳನ್ನು ಕೂಡಿದ್ದು ಸರಿಯೇ ಎಂದು ನೋಡಿಸಬಹುದು, ಉತ್ತರಪತ್ರಿಕೆಯನ್ನು ಕಾಣಲಾಗದು, ಮರುಮೌಲ್ಯಮಾಪನವಂತೂ ಕೂಡದು ಎಂದಿದ್ದಿತು. ಮುಂಬಯಿಯ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ, ಪರಿತೋಷ ಭೂಪೇಶ ಕುರ್ಮರ್‌ಶೇಠರ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ, ನಿಷೇಧವನ್ನು ಮತ್ತೆ ನಿಲ್ಲಿಸಿತು. ಲಕ್ಷಗಟ್ಟಲೆ ಪತ್ರಿಕೆಗಳನ್ನು ತಿರುತಿರುಗಿ ನೋಡುತ್ತ ಕುಳಿತರೆ ಫಲಿತಾಂಶಕ್ಕೆ ಕೊನೆಯೆಂಬುದು ಎಲ್ಲಿ? ಆ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಪರೀಕ್ಷೆಯು ಮುಗಿಯದಿದ್ದರೆ ಮುಂದಿನ ತರಗತಿಯು ಆರಂಭವಾಗಲಾರದು.

ಆದರೆ 2005ರ ಮಾಹಿತಿ ಹಕ್ಕಿನ ಕಾನೂನು ಬಂದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. 2011ರ ಆಗಸ್ಟ್ 9ರಂದು ಆದಿತ್ಯ ಬಂದೋಪಾಧ್ಯಾಯರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೌಲ್ಯಮಾಪನವಾದ ಉತ್ತರಪತ್ರಿಕೆಯೂ ಮಾಹಿತಿಯೇ. ಬರೆದವನು ಅದನ್ನು ನೋಡಬಹುದು, ಅದರ ಪ್ರತಿಯನ್ನು ಪಡೆಯಬಹುದು ಎಂದು ತೀರ್ಮಾನಿಸಿತು. ಪರೀಕ್ಷಕನ ಹೆಸರು ಮಾತ್ರ ಗುಪ್ತ. ನೋಡುವ ಹಕ್ಕಿನಿಂದಲೇ ಮರುಮೌಲ್ಯಮಾಪನದ ಹಕ್ಕು ಹುಟ್ಟುವುದಿಲ್ಲವೆಂದೂ ಆ ತೀರ್ಪಿನಲ್ಲಿದೆ. 2017ರ ರಣವಿಜಯ ಸಿಂಗರ ಪ್ರಕರಣವೂ ಇದೇ ದಾರಿಯದು: ನಿಯಮವು ಅವಕಾಶ ಕೊಟ್ಟಿದ್ದರೆ ಮರುಮೌಲ್ಯಮಾಪನ, ನಿಯಮವು ಸುಮ್ಮನಿದ್ದರೆ ನ್ಯಾಯಾಲಯವು ಅತಿ ವಿರಳವಾಗಿ ಮಾತ್ರ ಕೈಹಾಕತಕ್ಕದ್ದು. ಬಂಕಿಮಬಾಬುಗಳ ಕಾಲದಿಂದ ನೂರೈವತ್ತು ವರ್ಷಗಳ ಮೇಲೆ, ಬರೆದವನಿಗೆ ತನ್ನ ಬರಹದ ದರ್ಶನವಾಯಿತು.

ನಮ್ಮ ರಾಜ್ಯದಲ್ಲಿ ನಿಯಮವು ಉದಾರವಾಗಿಯೇ ಇದೆ. ಮೊದಲು ಉತ್ತರಪತ್ರಿಕೆಯ ಛಾಯಾಪ್ರತಿಯನ್ನು ತರಿಸಿಕೊಳ್ಳಬೇಕು. ಅದನ್ನು ನೋಡಿ, ಕೂಡಿಕೆಯಲ್ಲಿ ತಪ್ಪಿದ್ದರೆ ಮರುಎಣಿಕೆಗೆ, ಓದಿನಲ್ಲಿ ತಪ್ಪಿದೆಯೆಂದು ತೋರಿದರೆ ಮರುಮೌಲ್ಯಮಾಪನಕ್ಕೆ ಬೇಡಿಕೊಳ್ಳಬೇಕು. ಈಚಿನ ವರ್ಷಗಳಲ್ಲಿ ಎಸ್.ಎಸ್.ಎಲ್.ಸಿ.ಯವರಿಗೆ ಪ್ರತಿಗೆ ವಿಷಯವೊಂದಕ್ಕೆ ನಾಲ್ಕುನೂರು ರೂಪಾಯಿಗಳ ಆಸುಪಾಸು, ಮರುಮೌಲ್ಯಮಾಪನಕ್ಕೆ ಎಂಟುನೂರರ ಆಸುಪಾಸು ಶುಲ್ಕವಿದ್ದಿತು. ಪಿ.ಯು.ಸಿ.ಯವರಿಗೆ 530 ಮತ್ತು 1,670. ಅವಧಿಯು ಕೆಲವೇ ದಿನಗಳದು. ಈ ಎರಡು ಮೆಟ್ಟಲುಗಳ ಏರ್ಪಾಡು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಜನರು ಮರುಮೌಲ್ಯಮಾಪನದ ಲಾಭನಷ್ಟಗಳನ್ನೇ ಲೆಕ್ಕ ಹಾಕುತ್ತ ಮೊದಲನೆಯ ಮೆಟ್ಟಲನ್ನು ಮರೆಯುತ್ತಾರೆ. ನೋಡದೆ ಹಾಕುವ ಅರ್ಜಿಯು ಜೂಜು. ನೋಡಿ ಹಾಕಿದ ಅರ್ಜಿಗೆ ಆಧಾರವುಂಟು; ನೋಡಿ ಬಿಟ್ಟುಬಿಟ್ಟರೂ ಅದಕ್ಕೆ ಆಧಾರವುಂಟು.

ಆದರೆ ಈ ಬಾಗಿಲನ್ನು ತಟ್ಟುವವರು ಯಾರು? 2018ರಲ್ಲಿ ಬೆಳಗಾವಿಯ ಒಬ್ಬ ವಿದ್ಯಾರ್ಥಿಯು 625ಕ್ಕೆ 624 ಪಡೆದು, ಕಳೆದುಹೋದ ಒಂದೇ ಅಂಕಕ್ಕಾಗಿ ಅರ್ಜಿ ಹಾಕಿ, ಅದನ್ನೂ ಪಡೆದು ರಾಜ್ಯದ ಪ್ರಥಮಸ್ಥಾನಿಗಳ ಸಾಲಿಗೆ ಸೇರಿದನು. ಆತನು ಮಾಡಿದ್ದು ಸರಿಯಾದುದೇ. ಅಂಕವು ಆತನದೇ ಆಗಿದ್ದಿತಲ್ಲವೆ? ಆದರೆ ಒಂದು ಅಂಕದಿಂದ ಆತನ ಕೀರ್ತಿಯು ಹೆಚ್ಚಿತು. ಎರಡು ಅಂಕಗಳಿಂದ ಚಿಂಚೋಳಿಯ ತಾಂಡೆಯ ಹುಡುಗಿಯೊಬ್ಬಳ ಓದೇ ನಿಲ್ಲಬಹುದು, ಮದುವೆಯ ಮಾತು ಮೇಲೇಳಬಹುದು. ಆಕೆಯ ತಾಯಿತಂದೆಗಳು ಪುಣೆಯಲ್ಲಿಯೋ ಮುಂಬಯಿಯಲ್ಲಿಯೋ ದುಡಿಯುತ್ತಿರುತ್ತಾರೆ; ಮನೆಯಲ್ಲಿ ಅಜ್ಜಿ ಮಾತ್ರ. ಮನೆಯಲ್ಲಿ ಲಂಬಾಣಿ, ಪರೀಕ್ಷೆಯಲ್ಲಿ ಕನ್ನಡ. ನೂರು ವರ್ಷಗಳ ಹಿಂದೆ ಸೇಡಮಿನ ಹುಡುಗನಿಗೆ ಉರ್ದುವಿದ್ದಂತೆ. ಸುತ್ತೋಲೆಯು ಅಂತರ್ಜಾಲದಲ್ಲಿದೆ, ಆಕೆಗೆ ಓದಿ ಹೇಳುವವರಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗಕ್ಕೆ ಮೀಸಲಾತಿಯು ದೊರೆತಿದೆಯೆಂದು ನಾವು ಸಮಾಧಾನಪಡುತ್ತೇವೆ. ಆ ಬಾಗಿಲಿನವರೆಗೆ ನಡೆಯಬೇಕಾದರೂ ಹತ್ತನೆಯ ತರಗತಿಯನ್ನು ದಾಟಿರಬೇಕಷ್ಟೆ.

ತೇರ್ಗಡೆಯ ಗೆರೆಯಾದರೂ ಕಲ್ಲಿನ ಮೇಲೆ ಕೊರೆದುದಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮರಾದ ಕಣ್ಗಾವಲು ಬಂದು ಫಲಿತಾಂಶವು ಕುಸಿದಾಗ, ನೂರಕ್ಕೆ 10 ಇದ್ದ ಕೃಪಾಂಕದ ಮಿತಿಯನ್ನು 20ಕ್ಕೆ ಏರಿಸಿದರು. ಅದರಿಂದ ತೇರ್ಗಡೆಯಾದವರು ನೂರಕ್ಕೆ 73; ಅದಿಲ್ಲದಿದ್ದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮುಂದಿನ ವರ್ಷ ಆ ಏರಿಕೆಯನ್ನು ಹಿಂತೆಗೆದುಕೊಂಡರು. 2025ರ ಅಕ್ಟೋಬರದಲ್ಲಿ ತೇರ್ಗಡೆಗೆ ಬೇಕಾದ ಮೊತ್ತವನ್ನು ನೂರಕ್ಕೆ 35ರಿಂದ 33ಕ್ಕೆ ಇಳಿಸುವುದಾಗಿ ಸರಕಾರವು ಪ್ರಕಟಿಸಿತು. ಕೃಪೆಯು ಇಂದಿಗೂ ಮೇಲಿನಿಂದಲೇ ಬರುತ್ತದೆ, ಮೇಲಕ್ಕೇ ಹೋಗುತ್ತದೆ. ಕೃಪೆಯಲ್ಲದೆ ನ್ಯಾಯವನ್ನು ಕೇಳುವ ದಾರಿಯು ಛಾಯಾಪ್ರತಿಯೊಂದೇ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಮರಾಠಿಯ ಸಂಸರ್ಗದಿಂದ ಉತ್ತರದ ಕಡೆಯ ನಮ್ಮ ಹಿರಿಯರು ಅಂಕಗಳಿಗೆ ‘ಗುಣ’ವೆನ್ನುತ್ತಿದ್ದರು. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಪದ್ಯದ ಗುಣವಾವುದು, ದೋಷವಾವುದು ಎಂಬುದನ್ನು ಉದಾಹರಣೆಯಿಟ್ಟು ತೋರಿಸುವ ಗ್ರಂಥ. ದೋಷವೆಂದು ಬರಿದೇ ಹೇಳಿ ಬಿಡುವುದಿಲ್ಲ. ಇಗೋ, ಇಲ್ಲಿ, ಹೀಗೆಂದು ಕಾಣಿಸುತ್ತದೆ. ಆ ಮಣ್ಣಿನ ಮಕ್ಕಳು ತಮ್ಮ ದೋಷವೆಲ್ಲಿದೆಯೆಂದು ಕೇಳಲು ಅಂಜುವುದು ವಿಚಿತ್ರವಲ್ಲವೆ?

ಈ ನಡುವೆ ಕೆಲವು ಪಾಲಕರು ಮಾಡುವ ಅತಿರೇಕವನ್ನೂ ಹೇಳದೆ ಇರಲಾಗದು. ನೂರಕ್ಕೆ ತೊಂಬತ್ತಾರು ಬಂದ ಮಗುವಿಗೆ ತೊಂಬತ್ತೆಂಟು ಏಕಿಲ್ಲವೆಂದು ಆರೂ ವಿಷಯಗಳಿಗೆ ಅರ್ಜಿ ಗುಜರಾಯಿಸಿ, ಮಗುವಿನ ಎದುರಿನಲ್ಲಿಯೇ ಶಿಕ್ಷಕರನ್ನು ಹಳಿಯುವವರುಂಟು. ಎರಡನೆಯ ಓದು ಎಂದರೆ ಹೆಚ್ಚಿನ ಅಂಕವೆಂದು ಅರ್ಥವಲ್ಲ. ಹಾರ್ಟಾಗರ ಪರೀಕ್ಷಕರು ಎತ್ತಿದಂತೆ ಬೀಳಿಸಿದ್ದೂ ಉಂಟಷ್ಟೆ. ಅಂಕವು ಇಳಿದರೆ ಏನಾಗುವುದೆಂಬ ನಿಯಮವು ಮಂಡಳಿಯಿಂದ ಮಂಡಳಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುವುದರಿಂದ ಆಯಾ ವರ್ಷದ ಸುತ್ತೋಲೆಯನ್ನು ಓದಿಯೇ ಹೆಜ್ಜೆಯಿಡಬೇಕು.

ವಾಡಿಯ ಆ ಗೃಹಸ್ಥನು ಎರಡು ದಿನ ಯೋಚಿಸಿ, ಛಾಯಾಪ್ರತಿಯ ಮಟ್ಟಿಗೆ ಹಣ ಕಟ್ಟಿದನು. ಪ್ರತಿಯು ಬಂದ ದಿನ ಮೂವರೂ ಕುಳಿತು ಪುಟಪುಟವಾಗಿ ನೋಡಿದೆವು. ಕೂಡಿಕೆಯು ಸರಿಯಾಗಿದ್ದಿತು. ಪರೀಕ್ಷಕರು ಬಿಟ್ಟ ಉತ್ತರವೊಂದೂ ಇರಲಿಲ್ಲ. ಹಂತಗಳಿಗೆ ಅರ್ಧ ಅಂಕಗಳನ್ನೂ ಕೊಟ್ಟಿದ್ದರು. ಒಂಬತ್ತನೆಯ ಪುಟಕ್ಕೆ ಬಂದಾಗ ಹುಡುಗಿಯು ಮೊದಲನೆಯ ಸಲ ಬಾಯಿ ತೆರೆದಳು: “ಇದು ಸರಿ ಇತ್ರಿ ಸರ. ನಾನಾ ಹೊಡದೀನಿ.” ತ್ರಿಭುಜದ ಪ್ರಮೇಯವನ್ನು ಸರಿಯಾಗಿಯೇ ಬರೆದು, ಕೊನೆಯಲ್ಲಿ ಸಂದೇಹ ಬಂದು, ತಾನೇ ಅಡ್ಡಗೆರೆಯನ್ನೆಳೆದು ಕೆಳಗೆ ತಪ್ಪಾದುದನ್ನು ಬರೆದಿದ್ದಳು. ತಂದೆಯು ಆ ಗೆರೆಯನ್ನು ಬಹಳ ಹೊತ್ತು ನೋಡಿದನು. ಓದು ಬಾರದವನಾದುದರಿಂದ ಅಕ್ಷರವನ್ನಲ್ಲ, ಗೆರೆಯನ್ನೇ ನೋಡಿದನೆಂದು ತೋರುತ್ತದೆ. “ನಸೀಬ ಅಲ್ಲ ಅಂದಂಗಾತು,” ಎಂದನು.

ಮರುಮೌಲ್ಯಮಾಪನಕ್ಕೆ ಅವರು ಹೋಗಲಿಲ್ಲ. ಹುಡುಗಿಯು ಎರಡನೆಯ ಪರೀಕ್ಷೆಗೆ ಕುಳಿತು ಗಣಿತದಲ್ಲಿ ತೇರ್ಗಡೆ ಹೊಂದಿ, ಈಗ ಪಿ.ಯು.ಸಿ. ಓದುತ್ತಿದ್ದಾಳೆ. ಆ ಛಾಯಾಪ್ರತಿಯನ್ನು ಕೊಡು, ಇನ್ನೊಬ್ಬರಿಗೆ ತೋರಿಸಲು ಬೇಕೆಂದು ನಾನು ಕೇಳಿದ್ದಕ್ಕೆ, ತನ್ನ ಬಳಿಯಲ್ಲಿಯೇ ಇರಲೆಂದು ಹೇಳಿ ಕೊಡಲಿಲ್ಲ.